ಕಾಲೂರಲು ಒಂದು ಕಲ್ಲು

ಮೋಟಾರ್ ಸೈಕಲ್ ಕೊಂಡವನನ್ನು ಊರು ಸುಮ್ಮನೆ ಬಿಡುತ್ತದೆ. ಕೊಳ್ಳಬೇಕೆಂದು ಯೋಚಿಸುತ್ತಿರುವವನನ್ನು ಮಾತ್ರ ಬಿಡುವುದಿಲ್ಲ. ಎಂಬತ್ತರ ದಶಕದ ನಡುವಿನಲ್ಲಿ ನಾನು ಹೀಗೆ ಏಳು ತಿಂಗಳು ಯೋಚಿಸಿದೆ. ಆ ಏಳು ತಿಂಗಳಲ್ಲಿ ಆದಷ್ಟು ಪ್ರಸಂಗಗಳು ನನ್ನ ಮೇಷ್ಟ್ರ ಕೆಲಸದ ಉಳಿದ ವರ್ಷಗಳನ್ನೆಲ್ಲ ಸೇರಿಸಿದರೂ ಆಗಲಿಲ್ಲ.

ಯೋಚಿಸಲು ಕಾರಣವಿತ್ತು. ನನ್ನ ಮನೆ ತುಮಕೂರಿನಲ್ಲಿ. ಶಾಲೆ ಗುಬ್ಬಿಯಿಂದ ಆಚೆ, ಐದು ಕಿಲೋಮೀಟರ್ ಮಣ್ಣು ದಾರಿಯ ಕೊನೆಯಲ್ಲಿ. ಸಂಜೆ ಆ ದಾರಿ ನಡೆದು, ಗುಬ್ಬಿಯಲ್ಲಿ ಬಸ್ಸಿಗೆ ಕಾದು, ಮನೆ ಮುಟ್ಟುವಾಗ ಏಳೂವರೆ. ಹಿಂದಿನ ವರ್ಷ ನನ್ನ ಹೆಂಡತಿ ತೀರಿಕೊಂಡ ಮೇಲೆ, ಎರಡನೇ ಕ್ಲಾಸಿನ ಮಗಳನ್ನು ಅತ್ತೆಯವರು ಕುಣಿಗಲ್ಲಿಗೆ ಕರೆದುಕೊಂಡು ಹೋಗಿದ್ದರು. ವಾಪಸು ಕರೆತರುತ್ತೇನೆ ಎಂದಾಗಲೆಲ್ಲ ಅವರದು ಒಂದೇ ಮಾತು:

"ಸ್ಕೂಲ್ ಬಿಟ್ಟ ಮಗು ಏಳೂವರೆಗಂಟ ಯಾರ ಮನೆ ಜಗಲಿ ಮೇಲೆ ಕೂರ್ಬೇಕು ಅಳಿಯಂದ್ರೇ? ದೀಪ ಹಚ್ಚೋದಕ್ಕೆ ಮುಂಚೆ ಮನೇಲಿರ್ತೀನಿ ಅಂತ ತೋರ್ಸಿ. ಅವತ್ತೇ ಕಳಿಸ್ತೀನಿ."

ಬಸ್ಸನ್ನು ನಂಬಿದರೆ ಅದು ಆಗುವ ಮಾತಲ್ಲ. ಆ ಹೊತ್ತಿಗೆ ಹೊಸ ಬೈಕೊಂದು ಬಂದಿತ್ತು. ಮೊಪೆಡ್ಡಿಗಿಂತ ದೊಡ್ಡದು, ದೊಡ್ಡ ಕುಳಗಳ ಗುಡುಗುಡು ಬೈಕಿಗಿಂತ ಚಿಕ್ಕದು. ಮೇಷ್ಟ್ರ ಸಂಬಳಕ್ಕೆ ಎಟುಕುವಂಥದ್ದು. ಕಲ್ಲುಮಣ್ಣಿನ ದಾರಿಗೆಂದೇ ಎತ್ತರಿಸಿ ಮಾಡಿದ್ದು. ಹೆಂಡತಿ ದಿನಸಿ ಪಟ್ಟಿ ಬರೆಯುತ್ತಿದ್ದ ನೋಟ್‌ಬುಕ್ಕಿನಲ್ಲಿ ಅರ್ಧ ಹಾಳೆಗಳು ಖಾಲಿ ಉಳಿದಿದ್ದವು. 'ಕಡಲೆಬೇಳೆ, ಸೋಪು, ಬತ್ತಿಗೆ ಹತ್ತಿ' ಎಂದು ಅವಳು ನಿಲ್ಲಿಸಿದ್ದ ಪುಟದ ಮುಂದಿನ ಪುಟದಲ್ಲಿ ನಡುವೆ ಗೆರೆ ಎಳೆದು, ಆ ಕಡೆ 'ಅನುಕೂಲ', ಈ ಕಡೆ 'ಅನಾನುಕೂಲ' ಎಂದು ಬರೆದೆ.

ಓರೆ ಮಾಡಿದರೆ ಸಾಕು

ಮೊದಲ ಸಲಹೆ ನಮ್ಮ ಹೆಡ್ಮಾಸ್ಟರದು. ಅವರ ಮನೆ ಗುಬ್ಬಿಯಲ್ಲಿ. ಅವರ ಬಳಿ ಹಳೆಯ ಸ್ಕೂಟರೊಂದಿತ್ತು. ಅದರ ಹಿಂದೆ ಕುಳಿತು ಗುಬ್ಬಿಯವರೆಗೆ ಹೋಗಬಹುದಿತ್ತು, ಆದರೆ ನಡೆದರೆ ನಾನು ಅವರಿಗಿಂತ ಮೊದಲು ತಲುಪುತ್ತಿದ್ದೆ.

"ಬೈಕು ಪಡ್ಡೆಗಳ ಗಾಡಿ ಕಣ್ರೀ," ಎಂದರು. "ಸಂಸಾರಸ್ಥರಿಗೆ ಸ್ಕೂಟರೇ ಸರಿ. ಹಿಂದೆ ಸ್ಟೆಪ್ನಿ, ಮುಂದೆ ತರಕಾರಿ ಚೀಲ. ಒಂದೇ ಒದೆ, ಸ್ಟಾರ್ಟು. ಬನ್ನಿ, ತೋರಿಸ್ತೀನಿ."

ಒಂದೇ ಒದೆಗೆ ಆಗಲಿಲ್ಲ. ಸ್ಕೂಟರನ್ನು ಪಕ್ಕಕ್ಕೆ ಓರೆ ಮಾಡಿದರು. "ಓರೆ ಮಾಡಿದ್ರೆ ಸಾಕು, ಪೆಟ್ರೋಲ್ ಇಳಿಯುತ್ತೆ." ಮತ್ತೆ ಒದ್ದರು. ಮತ್ತೆ ಓರೆ ಮಾಡಿದರು. ಹನ್ನೊಂದು ಸಲ ಓರೆ, ಮೂವತ್ತನಾಲ್ಕು ಒದೆ, ನಾನು ಎಣಿಸುತ್ತಿದ್ದೆ. ಕೊನೆಗೆ ಏಳನೇ ಕ್ಲಾಸಿಗೆ ಕ್ಲಾಸೇ ಬಂದು ಹಿಂದಿನಿಂದ ತಳ್ಳಿತು. ಸ್ಕೂಟರು ಒಂದಿಷ್ಟೂ ಸದ್ದಿಲ್ಲದೆ ಇಳಿಜಾರಿನಲ್ಲಿ ಹೊರಟಿತು. ಹ್ಯಾಂಡಲ್ ಹಿಡಿದು ಕುಳಿತಿದ್ದ ಹೆಡ್ಮಾಸ್ಟರು ಅಲ್ಲಿಂದಲೇ ತಿರುಗಿ ಕೂಗಿದರು:

"ನೋಡಿದ್ರಾ ಮೇಷ್ಟ್ರೇ, ಪೆಟ್ರೋಲ್ ಎಷ್ಟು ಉಳಿಯುತ್ತೆ!"

ಗುಡ್ಡ ಹಾರುವ ಚಿತ್ರ

ತುಮಕೂರಿನ ಅಂಗಡಿಯಲ್ಲಿ ಬೈಕನ್ನು ಗಾಜಿನ ಹಿಂದೆ ನಿಲ್ಲಿಸಿದ್ದರು. ಮಾರುವ ಯುವಕ ಬಣ್ಣದ ಕಾಗದವೊಂದನ್ನು ಕೈಗಿತ್ತ. ಅದರಲ್ಲಿ ಬೈಕು ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಹಾರುತ್ತಿತ್ತು.

"ಹಿಂದಿನ ಸೀಟಿನಲ್ಲಿ ಯಾರೂ ಇಲ್ಲವಲ್ಲ," ಎಂದೆ.

"ಗುಡ್ಡ ಹಾರೋವಾಗ ಯಾರು ಸಾರ್ ಕೂರ್ತಾರೆ?"

"ಎರಡನೇ ಕ್ಲಾಸಿನ ಹುಡುಗಿ."

ಅವನು ಕಾಗದವನ್ನು ಮೆಲ್ಲಗೆ ನನ್ನ ಕೈಯಿಂದ ವಾಪಸು ತೆಗೆದುಕೊಂಡ. "ನೀವು ಗುಡ್ಡ ಹಾರ್ಬೇಡಿ ಸಾರ್. ಗುಬ್ಬಿಗೆ ಹೋಗ್ಬನ್ನಿ, ಸಾಕು."

ಶಾಲೆಯಿಂದ ತಂದಿದ್ದ ಅಡಿಪಟ್ಟಿ ತೆಗೆದು ಸೀಟಿನ ಎತ್ತರ ಅಳೆದೆ. ಮೂವತ್ತಮೂರು ಇಂಚು. ನನ್ನ ಕಾಲನ್ನು ಮನೆಯಲ್ಲೇ ಅಳೆದುಕೊಂಡು ಬಂದಿದ್ದೆ, ಇಪ್ಪತ್ತೊಂಬತ್ತೂವರೆ.

"ನಿಲ್ಲಿಸಿದಾಗ ಕಾಲು ನೆಲಕ್ಕೆ ಸಿಗುವುದಿಲ್ಲವಲ್ಲಪ್ಪ."

"ಓಡೋ ಗಾಡಿ ಸಾರ್ ಇದು. ಯಾಕೆ ನಿಲ್ಲಿಸ್ತೀರಾ?"

"ಒಂದಲ್ಲ ಒಂದು ಸಲ ನಿಲ್ಲಿಸಬೇಕಾಗುತ್ತೆ."

ಅವನು ಯೋಚಿಸಿದ. "ಕಲ್ಲಿರೋ ಕಡೆ ನೋಡಿ ನಿಲ್ಸಿ ಸಾರ್. ತುಮಕೂರು ಜಿಲ್ಲೇಲಿ ಕಲ್ಲಿಗೇನು ಬರವಾ?"

ಮನೆಗೆ ಬಂದು ಅನಾನುಕೂಲದ ಕಡೆ 'ಎತ್ತರ' ಎಂದು ಬರೆದೆ. ಸ್ವಲ್ಪ ಹೊತ್ತು ಕುಳಿತಿದ್ದು, ಅನುಕೂಲದ ಕಡೆ 'ಕಲ್ಲು' ಎಂದು ಬರೆದೆ.

ಲೀಟರಿಗೆ ಎಷ್ಟು ಕಾಯಿ

ಅಂಗಡಿಯವನು ಹೇಳಿದ್ದನ್ನು ಬಳಸುವವನ ಹತ್ತಿರ ಕೇಳಿ ತಾಳೆ ನೋಡಬೇಕು. ಗುಬ್ಬಿ ಸಂತೆಯಲ್ಲಿ ತೆಂಗಿನಕಾಯಿ ವ್ಯಾಪಾರಿಯೊಬ್ಬ ಇದೇ ಬೈಕು ಇಟ್ಟಿದ್ದ.

"ಲೀಟರಿಗೆ ಎಷ್ಟು ಕೊಡುತ್ತೆ?" ಎಂದೆ.

"ನೂರಿಪ್ಪತ್ತು ಕಾಯಿ."

"ನಾನು ಕೇಳಿದ್ದು ಕಿಲೋಮೀಟರು."

"ಕಿಲೋಮೀಟರ್ ಯಾರ್ ಕಂಡವ್ರೆ ಮೇಷ್ಟ್ರೇ? ಮೀಟರ್ ವೈರ್ ಕಿತ್ತು ಮೂಟೆ ಕಟ್ಟಿವ್ನಿ. ಒಂದ್ ಲೀಟ್ರಿಗೆ ನೂರಿಪ್ಪತ್ ಕಾಯಿ ಹೇರ್ಕಂಡು ತೋಟದಿಂದ ಸಂತೆಗ್ ಬಂದು ವಾಪಸ್ ಹೋಯ್ತದೆ. ಅದ್ರ ಮೇಲೆ ಒಂದ್ ಕಾಯಿ ಹಾಕಿ, ಕೆರೆ ಏರಿ ಮೇಲೆ ನಿಂತ್ಕತದೆ."

"ಸುಲಿದ ಕಾಯೋ, ಸಿಪ್ಪೆ ಸಮೇತವೋ?"

ಅವನು ನನ್ನನ್ನು ಮೊದಲ ಸಲ ಗೌರವದಿಂದ ನೋಡಿದ. "ಕೇಳೋ ಮಾತ್ ಕೇಳಿದ್ರಿ ನೋಡಿ. ಸುಲಿದಿದ್ದು." ಆಮೇಲೆ ಕೇಳಿದ: "ನಿಮ್ ಮನೆಯವ್ರು ಎಷ್ಟ್ ಕಾಯಿ ತೂಗ್ಬೋದು?"

"ಅವರು ಇಲ್ಲ," ಎಂದೆ. "ಕೂರುವವಳು ಮಗಳು. ಏಳು ವರ್ಷ."

ಅವನು ಹೆಗಲ ಮೇಲಿನ ಟವೆಲ್ಲು ತೆಗೆದು ಬೈಕಿನ ಹಿಂದಿನ ಸೀಟು ಒರೆಸಿದ. ಧೂಳು ಹೋದ ಮೇಲೂ ಒರೆಸುತ್ತಲೇ ಇದ್ದ.

"ಮೂವತ್ ಕಾಯಿ," ಎಂದ ಕೊನೆಗೆ. "ಗಾಡಿಗ್ ಗೊತ್ತೇ ಆಗಕಿಲ್ಲ ಬುಡಿ."

ಆ ಭಾನುವಾರ ಕುಣಿಗಲ್ಲಿನ ರೇಷನ್ ಅಂಗಡಿಯ ತಕ್ಕಡಿಯ ಮೇಲೆ ಮಗಳನ್ನು ನಿಲ್ಲಿಸಿದೆ. ಒಂದು ಸುಲಿದ ಕಾಯಿಯನ್ನೂ ತೂಗಿಸಿ ಭಾಗಿಸಿದೆ. ಮೂವತ್ತೊಂದು ಬಂತು. ಮುಂದಿನ ಸಂತೆಯಲ್ಲಿ ವ್ಯಾಪಾರಿಗೆ ತಿಳಿಸಿದೆ.

ಅವನು ಗಾಬರಿಯಾದ. "ಅಜ್ಜಿ ಮನೆ ತುಪ್ಪ ಕಣ್ ಮೇಷ್ಟ್ರೇ ಅದು! ಬಿರ್ನೆ ಕರ್ಕಂಬನ್ನಿ, ನಲವತ್ತಾದ್ರೆ ಗಾಡಿಗ್ ಗೊತ್ತಾಯ್ತದೆ!"

ಆರು ಸಲ

ಬೈಕು ತಂದೆ. ಶಾಲೆಯಿಂದ ಮನೆಯವರೆಗೆ ಕಾಲೂರಲು ಯೋಗ್ಯವಾದ ಕಲ್ಲುಗಳನ್ನು ಹುಡುಕಿ ನೋಟ್‌ಬುಕ್ಕಿನಲ್ಲಿ ಗುರುತು ಮಾಡಿಕೊಂಡೆ. ಒಟ್ಟು ಹನ್ನೊಂದು. ಹನ್ನೊಂದನೆಯದು ನಮ್ಮ ಮನೆ ಮುಂದಿನ ಚರಂಡಿಯ ಮೇಲಿದ್ದ ಕಲ್ಲುಚಪ್ಪಡಿ. ಪಾದ ಸರಿಯಾಗಿ ಬೀಳಬೇಕಾದ ಜಾಗಕ್ಕೆ ಸೀಮೆಸುಣ್ಣದಲ್ಲಿ ಒಂದು ಇಂಟು ಗುರುತನ್ನೂ ಹಾಕಿದೆ. ಭಾನುವಾರ ಬಸ್ಸಿನಲ್ಲಿ ಕುಣಿಗಲ್ಲಿಗೆ ಹೋದಾಗ ಮಗಳಿಗೆ ಇದನ್ನೆಲ್ಲ ವಿವರಿಸಿದೆ. ಹದಿನೈದು ದಿನ ಅಭ್ಯಾಸ ಮಾಡಿ, ಅತ್ತೆಯವರಿಗೆ ಕಾಗದ ಬರೆದೆ: 'ದಯಮಾಡಿ ಬಂದು ಪರೀಕ್ಷಿಸುವುದು.'

ಒಂದು ಶುಕ್ರವಾರ ಅವರು ಮಗಳಿಗೆ ಶಾಲೆ ತಪ್ಪಿಸಿ, ಕರೆದುಕೊಂಡು ಬಂದರು. ನಾನು ಶಾಲೆಗೆ ಹೋಗಿದ್ದೆ. ಚಳಿಗಾಲ, ಹೊತ್ತು ಬೇಗ ಮುಳುಗುವ ಕಾಲ. ಆದರೂ ಐದೂ ಮುಕ್ಕಾಲಿಗೆ ನಮ್ಮ ಬೀದಿಗೆ ತಿರುಗಿದೆ. ಬಿಸಿಲು ಇನ್ನೂ ಇತ್ತು. ಗೆದ್ದೆ ಎಂದುಕೊಂಡೆ.

ಅತ್ತೆಯವರು ಬೀದಿ ಚೆನ್ನಾಗಿ ಕಾಣಲೆಂದು ಹೊರಗೇ ಕುಳಿತಿದ್ದರು. ಕೈಯಲ್ಲಿ ದೀಪ, ಬತ್ತಿ, ಬೆಂಕಿಪೊಟ್ಟಣ. ಪಕ್ಕದಲ್ಲಿ ಮಗಳು. ಕುಳಿತಿದ್ದು ನನ್ನ ಚಪ್ಪಡಿಯ ಮೇಲೆ.

ಅತ್ತೆಯವರನ್ನು 'ಏಳಿ' ಎನ್ನುವುದು ಹೇಗೆ? ಮದುವೆಯಾದಂದಿನಿಂದ ಅವರೆದುರು ನಾನು ದನಿ ಎತ್ತಿ ಮಾತನಾಡಿದವನಲ್ಲ. ವಿನಯದಿಂದ ತಲೆಬಾಗಿಸಿ, ಮುಂದಕ್ಕೆ ಹೋದೆ.

ಹಿಂದಿನ ಬೀದಿ ಸುತ್ತಿಕೊಂಡು ಬಂದೆ. ಕೂತೇ ಇದ್ದರು. ಮತ್ತೆ ತಲೆಬಾಗಿಸಿದೆ. "ಎಲ್ಲಿಗೆ ಹೋಗ್ತಿದಾರೆ ಇವ್ರು?" ಎಂದು ಅವರು ಕೇಳಿದ್ದು ಕಿವಿಗೆ ಬಿತ್ತು.

ಮೂರನೆಯ ಸಲ ಪಕ್ಕದ ಮನೆಯಾಕೆ ಹೊರಗೆ ಬಂದಿದ್ದರು. "ಏನ್ ಮೇಷ್ಟ್ರೇ, ಮನೆ ಮರ್ತುಹೋಯ್ತಾ?"

ನಾಲ್ಕನೆಯ ಸಲ ಅತ್ತೆಯವರು ಎದ್ದರು. ಬ್ರೇಕಿನ ಮೇಲೆ ಕಾಲಿಟ್ಟೆ. ಅವರು ಸೆರಗು ಸರಿಮಾಡಿಕೊಂಡು ಮತ್ತೆ ಕುಳಿತರು.

ಐದನೆಯ ಸಲ ಆಕಾಶ ಕೆಂಪಾಗಿತ್ತು. ಎದುರು ಮನೆಯಲ್ಲಿ ದೀಪ ಹಚ್ಚಿಯಾಗಿತ್ತು. ಅತ್ತೆಯವರು ಕಡ್ಡಿ ತೆಗೆದು ಹಿಡಿದುಕೊಂಡಿದ್ದರು, ಗೀರಿರಲಿಲ್ಲ.

ಆರನೆಯ ಸಲ ನಾನು ಬರುತ್ತಿರುವಾಗ ಮಗಳು ಚಪ್ಪಡಿಯನ್ನು ಬಗ್ಗಿ ನೋಡುತ್ತಿದ್ದಳು. ಥಟ್ಟನೆ ಎದ್ದು ನಿಂತು ಕಿರುಚಿದಳು: "ಅಜ್ಜೀ, ಏಳು! ನಿನ್ನ ಸೀರೆ ಕೆಳಗೆ ಅಪ್ಪನ ಚಾಕ್‌ಪೀಸ್ ಗುರುತಿದೆ! ಅಪ್ಪ ಅಲ್ಲೇ ಕಾಲಿಡ್ಬೇಕು!"

ಅತ್ತೆಯವರು ದಡಕ್ಕನೆ ಎದ್ದರು. ನನ್ನ ಎಡಗಾಲು ಇಂಟು ಗುರುತಿನ ಮೇಲೆ ಕರಾರುವಾಕ್ಕಾಗಿ ಬಿತ್ತು.

"ಏಳಿ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ಅಳಿಯಂದ್ರೇ?"

"ನೀವು ಕೂತಿದ್ರಿ," ಎಂದೆ.

ಅವರು ಆಕಾಶ ನೋಡಿದರು. ಎದುರು ಮನೆಯ ದೀಪ ನೋಡಿದರು. "ಹೊತ್ತು ಆಗೇ ಹೋಯ್ತಲ್ಲ," ಎಂದರು. ನಾನು ಕೈಗಡಿಯಾರ ನೋಡಿದೆ. ಆರು ಗಂಟೆ ಎರಡು ನಿಮಿಷ. ವಾದ ಮಾಡುವಂತಿರಲಿಲ್ಲ.

ಮಗಳು ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಅಜ್ಜೀ, ದೀಪಕ್ಕೆ ಮುಂಚೆ ಒಂದ್ಸಲ ಬರ್ಬೇಕು ಅಂತ ತಾನೇ ನೀನು ಅಂದಿದ್ದು? ನೀನಿನ್ನೂ ಹಚ್ಚೇ ಇಲ್ಲ, ಅಪ್ಪ ಆರು ಸಲ ಬಂದ್ರು!"

ಅತ್ತೆಯವರು ಸೆರಗನ್ನು ಬಾಯಿಗೆ ಒತ್ತಿಕೊಂಡು, ಹೆಗಲು ಕುಲುಕಿಸುತ್ತ ನಕ್ಕರು. ಅವರ ಮಗಳು ನಗುತ್ತಿದ್ದುದೂ ಹೀಗೆಯೇ. ನಾನು ಬೈಕಿನ ಕಡೆ ತಿರುಗಿ ಸ್ಟ್ಯಾಂಡ್ ಹಾಕಿದೆ.

ಒಳಗೆ ಹೋಗಿ ದೀಪ ಹಚ್ಚಿ, ಕೈಮುಗಿದು, ಅವರು ಬಾಗಿಲಿಗೆ ಬಂದರು.

"ಮಗು ಇಲ್ಲೇ ಇರ್ಲಿ. ನಾನು ನಾಳೆ ಬಸ್ಸಿಗೆ ಹೋಗ್ತೀನಿ. ಭಾನುವಾರ ನೀವು ಬಂದು ಅವಳ ಬಟ್ಟೆ, ಪುಸ್ತಕ ತಗೊಂಡು ಹೋಗಿ." ಎರಡು ಹೆಜ್ಜೆ ಒಳಗೆ ಹೋದವರು ಮತ್ತೆ ತಿರುಗಿದರು. "ನಮ್ಮನೆ ಮುಂದೆ ಕಲ್ಲಿಲ್ಲ, ಕುಣಿಗಲ್ಲೆಲ್ಲ ಸುತ್ತುತಾ ಇರ್ಬೇಡಿ. ಒರಳುಕಲ್ಲು ಬೀದಿಗೆ ಹಾಕ್ಸಿರ್ತೀನಿ."