ಕಾರಿನ ಎದೆಗೆ ಅತ್ತೆಯ ಸ್ಟೆತಾಸ್ಕೋಪು

ಇಡೀ ಮೈಸೂರಿನಲ್ಲಿ ಕಾರಿಗೆ ಕಾಯಿಲೆ ನೋಡುವ ನರ್ಸಮ್ಮ ಒಬ್ಬರೇ ಇದ್ದಾರೆ, ಅವರು ನನ್ನ ಸೋದರತ್ತೆ. ನಗಬೇಡಿ! ಮೂವತ್ತೈದು ವರ್ಷ ವಾರ್ಡಿನಲ್ಲಿ ದುಡಿದು ನಿವೃತ್ತರಾದ ಮೇಲೆ, ರೋಗಿಗಳಿಲ್ಲದೆ ಅತ್ತೆಗೆ ಕೈಕಾಲೇ ಆಡದಂತಾಯಿತು. ವಿಜಯನಗರದ ಮನೆ ಮುಂದೆ ಒಂದು ರೋಗಿ ನಿಂತೇ ಇತ್ತಲ್ಲ, ಎರಡೂಕಾಲು ಲಕ್ಷ ಕಿಲೋಮೀಟರು ಓಡಿದ ಬಿಳಿ ಕಾರು! ಬೀರುವಿನಲ್ಲಿದ್ದ ಸ್ಟೆತಾಸ್ಕೋಪು ಹೊರಗೆ ಬಂತು.

ಬೆಳಗ್ಗೆ ಏಳಕ್ಕೆ ಸರಿಯಾಗಿ ರೌಂಡ್ಸು. ಬಾನೆಟ್ ಎತ್ತಿ, ಎಂಜಿನ್ನಿಗೆ ಸ್ಟೆತಾಸ್ಕೋಪು ಒತ್ತಿ, ಕಣ್ಣು ಮುಚ್ಚಿ ಕೇಳುವುದು. ಹಳೇ ಕ್ಯಾಲೆಂಡರಿನ ಹಿಂಬದಿಯೇ ಕೇಸ್‌ಶೀಟು. ಹೊಗೆ ನೀಲಿಯಾದರೆ 'ಆಯಿಲ್ ಕುಡಿಯುತ್ತಿದೆ'. ಕಪ್ಪಾದರೆ 'ಪೆಟ್ರೋಲು ಅಜೀರ್ಣ'. ಬಿಳಿ ಹೊಗೆ ನಿಲ್ಲದಿದ್ದರೆ 'ಎಂಜಿನ್ನಿಗೆ ನೀರು ಇಳಿದಿದೆ, ಅರ್ಜೆಂಟು'. ಸ್ಟೇರಿಂಗ್ ತಿರುಗಿಸಿದಾಗ ಟಕಟಕ ಅಂದರೆ 'ಕೀಲುನೋವು'. ತಮಾಷೆ ಏನು ಗೊತ್ತೇ? ಅಷ್ಟೂ ಸರಿಯಾಗಿರುತ್ತಿತ್ತು! ಬೋಗಾದಿಯ ಮೆಕ್ಯಾನಿಕ್ಕು ಅತ್ತೆಯನ್ನು ಕಂಡರೆ ಬೀಡಿ ಬಿಸಾಕಿ ಎದ್ದು ನಿಲ್ಲುತ್ತಿದ್ದ.

ಒಂದು ದಿನ ಎದುರುಮನೆಯವರ ಕಾರು ಸ್ಟಾರ್ಟ್ ಆಗಲಿಲ್ಲ. ಬೀದಿಯವರೆಲ್ಲ ಸೇರಿ ಬ್ಯಾಟರಿ ಹೋಗಿದೆ ಎಂದು ತೀರ್ಮಾನಿಸಿ, ಅರ್ಧ ಗಂಟೆ ತಳ್ಳಿದರು. ಅತ್ತೆ ಕೈ ಒರೆಸಿಕೊಳ್ಳುತ್ತಾ ಬಂದರು.

"ಸೆಲ್ಫ್ ಹೊಡೀರಿ... ಹ್ಞಾಂ, ಗರಗರ ಅಂತ ಚೆನ್ನಾಗೇ ತಿರುಗ್ತಿದೆ. ಬ್ಯಾಟರಿ ಗುಂಡುಕಲ್ಲಿನಂಗಿದೆ ಕಣ್ರೀ. ಪೆಟ್ರೋಲ್ ಹಾಕ್ಸಿದ್ದೀರಾ?"

ಎದುರುಮನೆಯವರು ತಲೆ ಕೆರೆದುಕೊಂಡರು.

"ಊಟ ಹಾಕ್ದೆ ಓಡು ಅಂದ್ರೆ ಯಾರು ಓಡ್ತಾರೆ?"

ಮಾವನಿಗೆ ಮಾತ್ರ ಆ ಕಾರಿನ ಮೇಲೆ ಹೊಟ್ಟೆಕಿಚ್ಚು.

"ನನಗೂ ಎಪ್ಪತ್ತೆರಡಾಯ್ತು ಕಣೇ. ನಾನೂ ಹಳೇ ಗಾಡೀನೇ. ಒಂದಿನ ಆದ್ರೂ ಆ ಸ್ಟೆತಾಸ್ಕೋಪನ್ನ ನನ್ನ ಎದೆಗೆ ಇಟ್ಟಿದ್ದೀಯಾ?"

"ನಿಮಗೇನ್ರೀ ಬಂದಿರೋದು ದಾಡಿ? ಈಗಷ್ಟೇ ಎರಡು ಮಸಾಲೆ ದೋಸೆ ತಿಂದ್ರಲ್ಲ!"

ಇಂಥ ಅತ್ತೆಗೂ ಆಷಾಢದಲ್ಲಿ ಒಂದು ಸದ್ದು ಎದುರಾಯಿತು. ಪ್ರತಿ ಭಾನುವಾರ ಬೆಳಗ್ಗೆ ಇಬ್ಬರೂ ಚಾಮುಂಡಿ ಬೆಟ್ಟಕ್ಕೆ ಹೋಗುತ್ತಾರೆ. ಸ್ಟೇರಿಂಗ್ ಅತ್ತೆಯದು, ಪಕ್ಕದ ಸೀಟು ಮಾವನದು. ಆ ಕಡೆಯ ಕಿಟಕಿ ಗಾಜು ಆಗ ಮೇಲೆ ಬರುತ್ತಿರಲಿಲ್ಲ. ಕೇಸ್‌ಶೀಟಿನಲ್ಲಿ ಅದು 'ಸಣ್ಣ ಕಂಪ್ಲೇಂಟು, ಆಮೇಲೆ ನೋಡೋಣ' ಎಂದು ಮೂರು ವರ್ಷದಿಂದ ಇತ್ತು. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಎಲ್ಲಿಂದಲೋ ಸಣ್ಣಗೆ 'ಕುಂಯ್... ಕುಂಯ್...'

ಫ್ಯಾನ್ ಬೆಲ್ಟು ಅಂದರು ಅತ್ತೆ. ಬೆಲ್ಟು ಬದಲಾಯಿತು, ಸದ್ದು ಹೋಗಲಿಲ್ಲ. ಹಾಗಾದರೆ ಬೇರಿಂಗು ಅಂದರು. ಅದೂ ಬದಲಾಯಿತು. ಕೊನೆಗೆ ಮೆಕ್ಯಾನಿಕ್ಕು ತಾನೊಬ್ಬನೇ ಕಾರನ್ನು ಬೆಟ್ಟ ಹತ್ತಿಸಿ ಇಳಿಸಿಕೊಂಡು ಬಂದ.

"ಸದ್ದೂ ಇಲ್ಲ, ಗಿದ್ದೂ ಇಲ್ಲ. ಬೆಣ್ಣೆ ಅಂಗೆ ಓಯ್ತದೆ ಕಣಮ್ಮ!"

ಅತ್ತೆಗೆ ಊಟ ಸೇರಲಿಲ್ಲ. "ಆಯುಧ ಪೂಜೆಯೊಳಗೆ ಈ ಸದ್ದು ಸಿಗ್ಲಿಲ್ಲ ಅಂದ್ರೆ ಕಾರು ಗುಜರಿಗೆ. ವಾಸಿ ಮಾಡಕ್ಕಾಗ್ದೆ ಅದನ್ನ ನರಳಿಸ್ಕೊಂಡು ಇಟ್ಕೊಳ್ಳೋದು ಪಾಪ" ಎಂದುಬಿಟ್ಟರು. ಮಾವನ ಮುಖ ಸಣ್ಣದಾಯಿತು. ಹೊಟ್ಟೆಕಿಚ್ಚು ಏನೇ ಇರಲಿ, ಆ ಕಾರಿಲ್ಲದೆ ಭಾನುವಾರದ ಬೆಟ್ಟ ಎಲ್ಲಿ ಬಂತು?

ಪೂಜೆಗೆ ಮುಂಚಿನ ಕೊನೆಯ ಭಾನುವಾರ ನನ್ನನ್ನೂ ಹಿಂದಿನ ಸೀಟಿಗೆ ಹತ್ತಿಸಿಕೊಂಡರು, ಸಾಕ್ಷಿಗೆ! ಬೆಳಗಿನ ತಣ್ಣನೆ ಗಾಳಿ ಮಾವನ ಕಿಟಕಿಯಿಂದ ರಪರಪ ಹೊಡೆಯುತ್ತಿತ್ತು. ಅರ್ಧ ಬೆಟ್ಟದ ತಿರುವಿನಲ್ಲಿ 'ಕುಂಯ್' ಶುರುವಾಯಿತು. ಅತ್ತೆ ಕಾರನ್ನು ಬದಿಗೆ ಹಾಕಿ ಎಂಜಿನ್ ಆಫ್ ಮಾಡಿದರು.

"ಶ್! ಯಾರೂ ಉಸಿರಾಡ್ಬೇಡಿ."

ನಾನು ಉಸಿರು ಬಿಗಿಹಿಡಿದೆ. ಮಾವನಿಗೆ ಆಗಲಿಲ್ಲ. ಕಾರು ಸುಮ್ಮನಾಗಿತ್ತು, ಸದ್ದು ಸುಮ್ಮನಾಗಿರಲಿಲ್ಲ.

ಅತ್ತೆ ನಿಧಾನವಾಗಿ ಮಾವನ ಕಡೆ ತಿರುಗಿದರು. ಕುತ್ತಿಗೆಯಲ್ಲಿದ್ದ ಸ್ಟೆತಾಸ್ಕೋಪನ್ನು ಅವರ ಬೆನ್ನಿಗೆ ಇಟ್ಟರು. ಬಹಳ ಹೊತ್ತು ತೆಗೆಯಲೇ ಇಲ್ಲ.

"ರೀ, ಇದು ನೀವು! ಯಾಕ್ರೀ ಹೇಳ್ಲಿಲ್ಲ?"

"ನೀನು ಬೆಲ್ಟು ಅಂದ್ಯಲ್ಲೇ. ನಾನೂ ಕಾರೇ ಅಂದ್ಕೊಂಡೆ. ನೀನು ಹೇಳಿದ್ದು ಯಾವತ್ತಾದ್ರೂ ಸುಳ್ಳಾಗಿದ್ಯಾ?"

ಅತ್ತೆ ಸ್ಟೇರಿಂಗ್ ಮೇಲೆ ಹಣೆ ಇಟ್ಟು ಅತ್ತುಬಿಟ್ಟರು. ಯಾವ ರೋಗಿಯ ಮುಂದೂ ಅಳದಿದ್ದ ನಮ್ಮತ್ತೆ! ಹಾರ್ನ್ ಒತ್ತಿಹೋಗಿ ಕಾರೂ ಕೂಗಿಕೊಂಡಿತು. ಆ ಹೊತ್ತಿನಲ್ಲೂ ಮಾವನಿಗೆ ನಗು ಬಂತು, ನಗುವಿನ ಹಿಂದೆಯೇ ಕೆಮ್ಮೂ ಬಂತು.

ಥಂಡಿ ಗಾಳಿಗೆ ಕೆರಳುವ ಉಬ್ಬಸ ಅಂದರು ಡಾಕ್ಟರು. ಇನ್‌ಹೇಲರ್ ಬಂತು, ಮಾವ ಈಗ ಆರಾಮಾಗಿದ್ದಾರೆ. ಕಿಟಕಿ ಗಾಜು ಅವತ್ತೇ ರಿಪೇರಿಯಾಯಿತು. ಬೆಳಗಿನ ರೌಂಡ್ಸಿನಲ್ಲಿ ಮೊದಲು ಮಾವನ ಬೆನ್ನು, ಬಾನೆಟ್ಟು ಆಮೇಲೆ.

ಆಯುಧ ಪೂಜೆಗೆ ಹೋಗಿದ್ದೆ. ಕಾರಿಗೆ ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ತಟ್ಟೆಯಲ್ಲಿ ಸ್ಪ್ಯಾನರು, ಸ್ಟೆತಾಸ್ಕೋಪು, ಅವುಗಳ ನಡುವೆ ಕುಂಕುಮ ಹಚ್ಚಿಸಿಕೊಂಡ ಮಾವನ ಇನ್‌ಹೇಲರು! ನಿಂಬೆಹಣ್ಣು ಅಪ್ಪಚ್ಚಿ ಮಾಡಿಕೊಂಡು ಕಾರು ಹೊರಟಿತು.

"ಗಾಜು ಒಂಚೂರು ಇಳಿಸ್ಲೇನೇ? ಗಾಳೀನೇ ಇಲ್ಲ" ಅಂದರು ಮಾವ.

"ಸುಮ್ನೆ ಕೂತ್ಕೊಳ್ರೀ" ಅಂದರು ಅತ್ತೆ, ಕಣ್ಣು ರಸ್ತೆಯ ಮೇಲೆ. "ಗಾಳಿ ಸದ್ದಲ್ಲಿ ನನಗೆ ನಿಮ್ಮ ಉಸಿರು ಕೇಳಿಸಲ್ಲ."