ಊಟದ ಪಂಕ್ತಿಯಲ್ಲಿ ಕೂತ ಶೂ

ನಮ್ಮ ದೊಡ್ಡಮ್ಮನ ಮಗನ ಹತ್ತಿರ ಒಂದು ಜೊತೆ ಶೂ ಇದೆ ಎಂದರೆ ತಪ್ಪಾಗುತ್ತದೆ. ಶೂ ಹತ್ತಿರ ಅವನಿದ್ದಾನೆ! ಅದನ್ನು ಒರೆಸಲು, ಹೊತ್ತು ತಿರುಗಲು, ಬಿಸಿಲು ಬಂದರೆ ನೆರಳಿಗೆ ಒಯ್ಯಲು ಒಬ್ಬ ಆಳು ಬೇಕಲ್ಲ?

ಅಂತಿಂಥ ಶೂ ಅಲ್ಲ. ಶೂ ಕಂಪನಿಯೂ ಪರದೇಶದ ಹಾಡುಗಾರನೊಬ್ಬನೂ ಸೇರಿ ಮಾಡಿದ್ದಂತೆ. ಹಾಡುವವನಿಗೆ ಶೂನಲ್ಲಿ ಏನು ಕೆಲಸ? ಬಣ್ಣ ಆರಿಸಿದನಂತೆ! ಅಷ್ಟಕ್ಕೇ ಬೆಲೆ ಆಕಾಶಕ್ಕೆ. ಮುಂಬೈಯ ಹೋಟೆಲಿನಲ್ಲಿ ಕೆಲಸಕ್ಕಿರುವ ಗೆಳೆಯನನ್ನು ಬೆಳಿಗ್ಗೆಯಿಂದ ಅಂಗಡಿಯೆದುರು ಸಾಲಿನಲ್ಲಿ ನಿಲ್ಲಿಸಿ ತರಿಸಿಕೊಂಡಿದ್ದ. ಕುಂದಾಪುರದಲ್ಲಿ ಬೇರೆ ಯಾರ ಬಳಿಯೂ ಇಲ್ಲ ಎಂದು ಅವನು ಸಾರಿದ ದಿನದಿಂದ ನನಗೆ ಅನ್ನ ಸೇರಲಿಲ್ಲ. ನಾನೂ ಕೊಳ್ಳಬೇಕೇ, ಬೇಡವೇ? ಬೇಡ ಎಂದಿತು ಬುದ್ಧಿ. ಆದರೆ ಹೊಟ್ಟೆಕಿಚ್ಚು ಬುದ್ಧಿಯ ಮಾತನ್ನು ಯಾವತ್ತು ಕೇಳಿದೆ?

ಒಮ್ಮೆ ಹಾಕಿ ನೋಡುತ್ತೇನೆಂದು ಗೋಗರೆದೆ. ಕಾಲು ತೊಳೆಸಿದ, ಒರೆಸಿಸಿದ, ಚಾಪೆಯ ಮೇಲೆ ನಿಲ್ಲಿಸಿದ. ಅವನದೋ ಪುಟ್ಟ ಪಾದ. ನನ್ನ ಹೆಬ್ಬೆರಳು ಒಳಗೆ ಹೋಯಿತು, ಉಳಿದ ಸಂಸಾರ ಹೊರಗೇ ನಿಂತಿತು. ಅವನು ನಕ್ಕ ನಗು ಇನ್ನೂ ಮರೆತಿಲ್ಲ.

ಆಮೇಲೆ ಕೋಟೇಶ್ವರದಲ್ಲಿ ಒಂದು ಮದುವೆ. ಚಪ್ಪಲಿ ಹೊರಗೆ ಬಿಡಬೇಕು. ಬಿಟ್ಟಾನೆಯೇ? ಕೈಚೀಲದಲ್ಲಿ ಹಾಕಿ ಊಟದ ಪಂಕ್ತಿಗೂ ತಂದು ಪಕ್ಕದ ಕುರ್ಚಿಯಲ್ಲಿ ಕೂರಿಸಿದ. ಬಡಿಸಲು ಬಂದವರು ಆ ಚೀಲ ನೋಡಿ, "ಹ್ವಾಯ್, ಇಲ್ಲಿಗೂ ಒಂದ್ ಎಲಿ ಹಾಕ್ಕಾ?" ಎಂದರು.

"ಬ್ಯಾಡ, ಅದ್ರದ್ದ್ ಊಟ ಆಯ್ತ್" ಎಂದ ಗಂಭೀರವಾಗಿ.

ಪಂಕ್ತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನನಗೆ ಮಾತ್ರ ಪಾಯಸ ಕಹಿ. ಶೂ ಅವನದೇ, ನಗುವೂ ಅವನಿಗೇ ಸಿಗಬೇಕೇ!

ಸೈ, ಕೊಳ್ಳುವುದೇ ಎಂದು ಹಟಕ್ಕೆ ಬಿದ್ದೆ. ಮುಂಬೈಯ ಗೆಳೆಯನ ನಂಬರು ಕೇಳಲು ಭಾನುವಾರ ಕಡಲ ದಂಡೆಯ ಕೋಡಿಯಲ್ಲಿರುವ ಅವನ ಮನೆಗೆ ಹೋದೆ. ಅಂಗಳದಲ್ಲಿ ದೊಡ್ಡಮ್ಮ ಸೀರೆ ಎತ್ತಿ ಕಟ್ಟಿ ಮೀನು ಒಣಗಿಸುತ್ತಿದ್ದಳು. ಕಾಲಲ್ಲಿ ಅದೇ ಶೂ! ಮೇಲೆಲ್ಲ ಉಪ್ಪು, ಮೀನಿನ ಹುರುಪೆ. ಇವನು ಮರಳಲ್ಲಿ ಕುಕ್ಕರಗಾಲಲ್ಲಿ ಕೂತು ಅವಳ ಲೇಸು ಬಿಗಿಯುತ್ತಿದ್ದ. ಅವಳಿಗೆ ಹಿಮ್ಮಡಿ ನೋವಂತೆ. ಮೆತ್ತಗಿನದು ಹಾಕಿ ಎಂದು ಡಾಕ್ಟರು ಹೇಳಿದ್ದರಂತೆ, ಯಾವ ಚಪ್ಪಲಿಯೂ ಹಿಡಿಸಲಿಲ್ಲವಂತೆ.

ಅಷ್ಟು ಚಂದದ್ದು ಹಾಳಾಯಿತಲ್ಲ ಎಂದೆ. ಅವನು ತಲೆಯನ್ನೂ ಎತ್ತದೆ, ತಾಯಿಯ ಕಾಲನ್ನೇ ನೋಡುತ್ತ ಹೇಳಿದ.

"ಅಬ್ಬಿ ನಡಿತ್ತಲ ಮಾರಾಯಾ, ಸಾಕ್."

ನಂಬರು ಕೇಳಲಿಲ್ಲ. ಹೊಟ್ಟೆಕಿಚ್ಚು ಇಳಿಯಿತೆಂದುಕೊಂಡಿರಾ? ದುಪ್ಪಟ್ಟಾಯಿತು! ಶೂಗಳನ್ನು ಎಲ್ಲಿಂದಲಾದರೂ ತರಿಸಬಹುದು. ಹಾಗೆ ಕುಕ್ಕರಗಾಲಲ್ಲಿ ಕೂರುವುದನ್ನು ಎಲ್ಲಿಂದ ತರಿಸುವುದು? ಬಸ್ ಸ್ಟಾಪಿಗೆ ಬಂದು ಅಮ್ಮನಿಗೆ ಫೋನು ಮಾಡಿ, ನಿನ್ನ ಕಾಲಿನ ಅಳತೆ ಎಷ್ಟು ಎಂದು ಕೇಳಿದೆ.

"ನನ್ ಕಾಲಾ? ಅದ್ರ ಅಳತಿ ಯಾರ್ ತೆಗ್ದಿರ್ ಮಗಾ?"