ಜಪಾನ್ ಸಾರ್‌ಗೆ ಊಟ ಹಾಕಿದ್ದು

ಪರದೇಶದವರೊಬ್ಬರು ನಮ್ಮ ನಡುವೆ ಊಟಕ್ಕೆ ಕೂತರು ಅಂದರೆ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ತಪ್ಪು ಅವರದೂ ಇರುವುದಿಲ್ಲ, ನಮ್ಮದೂ ಇರುವುದಿಲ್ಲ, ಊಟದ್ದಂತೂ ಮೊದಲೇ ಇರುವುದಿಲ್ಲ.

ನಾನು ಪೀಣ್ಯದಲ್ಲಿ ಗೇರ್ ಮಾಡುವ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ನಮ್ಮ ಓನರ್ ಜಪಾನಿನಿಂದ ಒಂದು ದೊಡ್ಡ ಮಿಷನ್ ತರಿಸಿದರು. ಅದನ್ನು ಕೂರಿಸಿ, ಓಡಿಸಿ, ನಮ್ಮವರಿಗೆ ಕಲಿಸಿಕೊಟ್ಟು ಹೋಗಲು ಅಲ್ಲಿಂದಲೇ ಒಬ್ಬ ಇಂಜಿನಿಯರ್ ಬಂದರು. ಐವತ್ತರ ಆಸುಪಾಸು, ತೆಳ್ಳಗಿನ ಮನುಷ್ಯ, ಎದುರಿಗೆ ಯಾರು ಬಂದರೂ ಸೊಂಟ ಬಗ್ಗಿಸಿ ನಮಸ್ಕಾರ. ಗೇಟಿನ ವಾಚ್‌ಮನ್ ಮೊದಲ್ಗೊಂಡು ಎಲ್ಲರಿಗೂ ಅವರು 'ಜಪಾನ್ ಸಾರ್' ಆದರು.

ಓನರ್ ನನ್ನನ್ನು ಕರೆದು, "ಮಿಷನ್ ಅವರು ನೋಡ್ಕೋತಾರೆ, ಅವರ ಹೊಟ್ಟೆ ನೀನು ನೋಡ್ಕೋ. ಅವರು ಮಲಗಿದ್ರೆ ಮಿಷನ್ನೂ ಮಲಗುತ್ತೆ, ಆರ್ಡರೂ ಕೈಬಿಟ್ಟು ಹೋಗುತ್ತೆ" ಅಂದರು.

ಜಪಾನ್ ಸಾರ್ ಇಂಗ್ಲಿಷ್ ಅಷ್ಟಕ್ಕಷ್ಟೆ, ನನ್ನದು ಅದಕ್ಕಿಂತ ಒಂದು ತೂಕ ಕಮ್ಮಿ. ಅವರು ಮೊಬೈಲಿನಲ್ಲಿ ಜಪಾನಿ ಮಾತಾಡಿದರೆ ಒಳಗಿಂದ ಒಬ್ಬ ಹೆಣ್ಣುಮಗಳು, ವಾರ್ತೆ ಓದುವವರ ಹಾಗೆ, ಶುದ್ಧ ಕನ್ನಡದಲ್ಲಿ ಹೇಳುತ್ತಿದ್ದಳು. ನಮ್ಮಿಬ್ಬರ ಸ್ನೇಹ ಬೆಳೆದಿದ್ದು ಅವಳ ಬಾಯಿಂದ.

ಪಥ್ಯ

ಓನರ್ ಮಾತು ಕೇಳಿ ನಾನು ನೇರ ಕ್ಯಾಂಟೀನ್ ಭಟ್ಟರ ಹತ್ತಿರ ಹೋಗಿ, "ಜಪಾನ್ ಸಾರ್‌ಗೆ ಖಾರ ಸೋಕಿಸಬೇಡಿ, ಎಣ್ಣೆ ಬೇಡ, ಮಸಾಲೆ ಬೇಡ" ಅಂತ ಹೇಳಿದೆ. ಭಟ್ಟರು ಹೇಳಿದ್ದಕ್ಕಿಂತ ಒಂದು ಕೈ ಮೇಲೆ. ಬೆಳಿಗ್ಗೆ ಚಟ್ನಿಯಿಲ್ಲದ ಇಡ್ಲಿ, ಮಧ್ಯಾಹ್ನ ಗಂಜಿ, ಸಂಜೆ ಬ್ರೆಡ್ಡು ಹಾಲು. ಮೊಸರನ್ನಕ್ಕೆ ಒಗ್ಗರಣೆ ಕೂಡ ಇಲ್ಲ.

ನಾವೆಲ್ಲ ಹುಳಿ, ಪಲ್ಯ, ಉಪ್ಪಿನಕಾಯಿ ಅಂತ ಚಪ್ಪರಿಸುತ್ತಿದ್ದರೆ ಅವರು ಮೂಲೆಯ ಟೇಬಲ್ಲಿನಲ್ಲಿ ಒಬ್ಬರೇ ಗಂಜಿ ಕುಡಿಯುತ್ತಿದ್ದರು. ಕ್ಯಾಂಟೀನಿನವರು ಬಗ್ಗಿ ಬಗ್ಗಿ, "ಓಕೆನಾ ಸಾರ್?" ಅಂತ ವಿಚಾರಿಸೋದು ಬೇರೆ. ವಾರ ಕಳೆಯುವಷ್ಟರಲ್ಲಿ ಅವರ ಮುಖ ಬಾಡಿ ಹೋಯಿತು. ಒಂದು ದಿನ ಸ್ಟೋರ್ಸಿಗೆ ಬಂದು ಬಾಗಿಲು ಮುಂದೆ ಮಾಡಿ, ಮೊಬೈಲನ್ನು ನನ್ನ ಮುಂದೆ ಹಿಡಿದರು.

ಹೆಣ್ಣುದನಿ ಹೇಳಿತು: "ನಾನು ಇಲ್ಲಿಗೆ ಬರುವ ಮುನ್ನ ವೈದ್ಯಕೀಯ ತಪಾಸಣೆಗೆ ಒಳಗಾಗಿದ್ದೆ. ನನಗೆ ಯಾವ ಕಾಯಿಲೆ ಇದೆ? ದಯವಿಟ್ಟು ಮುಚ್ಚಿಡಬೇಡಿ."

ಎರಡೇ ಪದ

ಪಥ್ಯ ಬಿಟ್ಟ ಮೇಲೆ ಜಪಾನ್ ಸಾರ್ ಎಲ್ಲವನ್ನೂ ತಿನ್ನಲು ಶುರುಮಾಡಿದರು. ಅಷ್ಟರಲ್ಲಿ ಆಯುಧಪೂಜೆ ಬಂತು. ಕಾರ್ಖಾನೆಯಲ್ಲಿ ಅವತ್ತು ಬಾಳೆಎಲೆ ಊಟ. ಬಡಿಸುವವರ ಜೊತೆ ಹೇಗೆ ಮಾತಾಡೋದು ಅಂತ ಅವರು ಕೇಳಿದ್ದಕ್ಕೆ ನಾನು ಎರಡೇ ಪದ ಹೇಳಿಕೊಟ್ಟೆ. "ಇನ್ನೂ ಬೇಕಾದ್ರೆ 'ಹಾಕು', ಬೇಡ ಅಂದ್ರೆ 'ಸಾಕು'. ಅಷ್ಟೆ." ಅವರು ಮಿಷನ್ನಿಗೆ ಹಾರ ಹಾಕುವಾಗಲೂ ತುಟಿ ಅಲ್ಲಾಡಿಸುತ್ತ ಅದನ್ನೇ ಕಂಠಪಾಠ ಮಾಡುತ್ತಿದ್ದರು. ಆದರೆ ಎಲ್ಲೋ ಒಂದು ಕಡೆ ಎರಡೂ ಅದಲುಬದಲಾಗಿ ಹೋಯಿತು.

ಬಾಗಲಕೋಟೆ ಕಡೆಯ ನಮ್ಮ ಫಿಟ್ಟರ್ ಒಬ್ಬ ಹೋಳಿಗೆ ಬಡಿಸುತ್ತಿದ್ದ. ಜಪಾನ್ ಸಾರ್ ಒಂದು ತಿಂದರು, ಚೆನ್ನಾಗಿತ್ತು. ಇನ್ನೊಂದು ಹಾಕಲು ಬಂದಾಗ ಕೈ ಅಡ್ಡ ಹಿಡಿದು, "ಹಾಕು" ಅಂದರು. ಅವನು ಹಾಕಿದ. ಎಲೆಯಲ್ಲಿ ಬಿಡುವುದು ಅವರ ಪ್ರಕಾರ ತಪ್ಪು, ಅದನ್ನೂ ತಿಂದರು. ಮತ್ತೆ ಬಂದ. "ಹಾಕು! ಹಾಕು!" ಅಂತ ಎರಡೂ ಕೈ ಅಡ್ಡ ಹಿಡಿದರು. "ಕೈ ತಗೀರಿ ಸರ, ನಾಚಬ್ಯಾಡ್ರಿ" ಅಂತ ಎರಡು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದ.

ನಾನು ಆಚೆ ತುದಿಯಲ್ಲಿ ಓನರ್ ಕಡೆಯ ನೆಂಟರನ್ನು ವಿಚಾರಿಸಿಕೊಳ್ಳುತ್ತಿದ್ದೆ. ಗಲಾಟೆ ಕೇಳಿ ಓಡಿ ಬಂದರೆ, ಸುತ್ತ ಹುಡುಗರೆಲ್ಲ ನಿಂತು ಚಪ್ಪಾಳೆ ಹೊಡೀತಿದ್ದಾರೆ. ನಡುವೆ ಜಪಾನ್ ಸಾರ್ ಬೆವರು ಸುರಿಸುತ್ತ, ಕ್ಷೀಣ ದನಿಯಲ್ಲಿ "ಹಾಕು... ಹಾಕು..." ಅಂತಿದ್ದಾರೆ.

ಫಿಟ್ಟರ್ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ: "ಅಲ್ರೀ ಸರ, ಇವರ ದೇಶದಾಗ ಹೊಟ್ಟಿ ತುಂಬ ಉಣ್ಣಾಕ ಕೊಡೂದಿಲ್ಲೇನ್ರೀ?"

ಬೈ ಟು

ಗೇಟಿನ ಆಚೆ ಒಂದು ಕಾಫಿ ಗಾಡಿ. ದಿನಾ ನಾನೂ ಜಪಾನ್ ಸಾರೂ ಅಲ್ಲಿ ನಿಲ್ಲುತ್ತಿದ್ದೆವು, ನಾನು "ಬೈ ಟು" ಅನ್ನುತ್ತಿದ್ದೆ, ಗಾಡಿಯವನು ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿ ಕೊಡುತ್ತಿದ್ದ. ಬೈ ಟು ಅನ್ನೋದು ಆ ಪಾನೀಯದ ಹೆಸರು ಅಂತ ಅವರು ತಿಳಿದುಕೊಂಡಿದ್ದರು ಅನ್ನೋದು ನನಗೆ ಗೊತ್ತಿರಲಿಲ್ಲ.

ನಾನು ರಜೆ ಹಾಕಿದ ದಿನ ಅವರು ಒಬ್ಬರೇ ಹೋಗಿ "ಬೈ ಟು" ಅಂದಿದ್ದಾರೆ. ಎರಡು ಲೋಟ ಬಂದಿವೆ. ಒಂದನ್ನು ಕುಡಿದು, ಇನ್ನೊಂದನ್ನು ಏನು ಮಾಡೋದು ಅಂತ ತಿಳಿಯದೆ, ರಸ್ತೆಯ ಆ ಕಡೆ ಈ ಕಡೆ ನೋಡಿ, ಕೊನೆಗೆ ಅದನ್ನೂ ಕುಡಿದು ಹೋಗಿದ್ದಾರೆ.

ಮಾರನೆ ದಿನ ಗಾಡಿಯವನು ನನಗೆ ಹೇಳಿದ: "ಪಾಪ ಅಣ್ಣ, ನಿನ್ನೆ ಯಾರ್ನೋ ಬರೋಕೆ ಹೇಳಿದ್ರು ಅನ್ಸುತ್ತೆ. ಆಯಮ್ಮ ಬರಲೇ ಇಲ್ಲ."

ನತ್ತೋ

ಒಂದು ಶನಿವಾರ ಜಪಾನ್ ಸಾರ್ ಬಟ್ಟೆಯಲ್ಲಿ ಅಚ್ಚುಕಟ್ಟಾಗಿ ಸುತ್ತಿದ ಡಬ್ಬಿಯೊಂದನ್ನು ಎರಡೂ ಕೈಯಿಂದ ನನಗೆ ಕೊಟ್ಟು, "ನತ್ತೋ. ಮನೆಗೆ" ಅಂದರು. ಮನೆಗೆ ತಂದು ಹೆಂಡತಿ ಕೈಗೆ ಕೊಟ್ಟೆ. ಅವಳು ಮುಚ್ಚಳ ತೆಗೆದು ಮೂಗು ಮುಚ್ಚಿಕೊಂಡಳು. ಒಳಗೆ ಬೆಂದ ಕಾಳು, ಚಮಚದಲ್ಲಿ ಎತ್ತಿದರೆ ಉದ್ದಕ್ಕೆ ನೂಲು ನೂಲು ಬರುತ್ತಿತ್ತು.

"ಅಯ್ಯೋ ಪಾಪ, ಕಾಳು ಹಳಸಿ ಲೋಳೆ ಬಂದ್ಬಿಟ್ಟಿದೆ ಕಣ್ರೀ. ಒಂಟಿ ಗಂಡಸು, ಗೊತ್ತಾಗಿಲ್ಲ" ಅಂತ ಮರುಗಿ, ತೆಂಗಿನ ಗಿಡದ ಬುಡಕ್ಕೆ ಸುರಿದಳು. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಚಕ್ಕುಲಿ ತುಂಬಿ ಕಳಿಸಿದಳು.

ಸೋಮವಾರ ಜಪಾನ್ ಸಾರ್ ಆಸೆಯಿಂದ ಹೇಗಿತ್ತು ಅಂತ ಕೇಳಿದರು. ಏನನ್ನಲಿ? "ಸೂಪರ್ ಸಾರ್, ಮಿಸೆಸ್‌ಗಂತೂ ಬಹಳ ಇಷ್ಟ ಆಯ್ತು" ಅಂದೆ. ಅವರ ಕಣ್ಣು ತುಂಬಿ ಬಂತು. ಮೊಬೈಲಿನ ಹೆಣ್ಣುಮಗಳು ವಿವರಿಸಿದಳು: ಅದು ಇರುವುದೇ ಹಾಗೆ, ಹುದುಗು ಬರಿಸಿದ ಸೋಯಾ ಕಾಳು. ಅವರ ಊರಿನಲ್ಲಿ ಅದಿಲ್ಲದೆ ಬೆಳಗಾಗುವುದಿಲ್ಲ. ಸಹೋದ್ಯೋಗಿಯೊಬ್ಬರು ಐಸ್ ಹಾಕಿ ವಿಮಾನದಲ್ಲಿ ತಂದುಕೊಟ್ಟಿದ್ದು. ಬೇರೆ ದೇಶದವರು ಯಾರೂ ಮುಟ್ಟುವುದಿಲ್ಲ, ನೀವೇ ಮೊದಲು.

ಮುಂದಿನ ಭಾನುವಾರ ಉಳಿದಿದ್ದ ನತ್ತೋವನ್ನೆಲ್ಲ ಹಿಡಿದುಕೊಂಡು ಮೆಟ್ರೋದಲ್ಲಿ ನಮ್ಮ ಮನೆಗೇ ಬಂದುಬಿಟ್ಟರು. ಒಟ್ಟಿಗೆ ಊಟ ಮಾಡೋಣ ಅಂತ.

ಹೆಂಡತಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಈ ಸಲ ಚೆಲ್ಲೋ ಹಾಗಿಲ್ಲ, ತಿನ್ನೋ ಹಾಗಿಲ್ಲ. ಏನ್ರೀ ಮಾಡ್ಲಿ?"

"ನಿನಗೆ ಏನು ಬರುತ್ತೋ ಅದು ಮಾಡು" ಅಂದೆ.

ಬಾಣಲೆಗೆ ಎಣ್ಣೆ ಬಿತ್ತು. ಸಾಸಿವೆ, ಇಂಗು, ಒಣಮೆಣಸಿನಕಾಯಿ, ಕರಿಬೇವು ಚಟಪಟ ಅಂದವು. ಅವರು ತಂದ ಕಾಳನ್ನೆಲ್ಲ ಹಾಕಿ ಚೆನ್ನಾಗಿ ಹುರಿದು, ಕಾಯಿತುರಿ, ಕೊತ್ತಂಬರಿ, ನಿಂಬೆಹಣ್ಣು. ಇಂಗಿನ ಘಾಟಿಗೆ ನತ್ತೋ ವಾಸನೆ ಎಲ್ಲಿ ಅಡಗಿತೋ ಗೊತ್ತಾಗಲಿಲ್ಲ. ಬಿಸಿ ಅನ್ನದ ಪಕ್ಕ ಬಡಿಸಿದಳು. ನಾನೂ ದೇವರ ಮೇಲೆ ಭಾರ ಹಾಕಿ ಬಾಯಿಗಿಟ್ಟೆ. ಪರವಾಗಿಲ್ಲ, ಸೇರುವ ಹಾಗಿತ್ತು.

ಜಪಾನ್ ಸಾರ್ ತಿಂದರು. ಎರಡನೇ ಸಲ ಹಾಕಿಸಿಕೊಂಡರು. ತಟ್ಟೆ ಬರಿದು ಮಾಡಿ, ಹೆಂಡತಿಗೆ ತಲೆಬಾಗಿ, ಮೊಬೈಲ್ ತೆಗೆದು ಏನೋ ಹೇಳಿದರು. ಅವಳು ಸೌಟು ಹಿಡಿದುಕೊಂಡೇ ಮೊಬೈಲಿನ ಹತ್ತಿರ ಬಗ್ಗಿದಳು.

"ಈ ಖಾದ್ಯ ಅತ್ಯಂತ ರುಚಿಕರವಾಗಿದೆ. ಧನ್ಯವಾದಗಳು," ಅಂದಿತು ಹೆಣ್ಣುದನಿ. "ಈಗ ನಾವು ನತ್ತೋ ತಿನ್ನೋಣವೇ?"